ಮನೆಗೆ ಬರುವ ಅಟೆಂಡರ್ ಸೇವೆ: ಎರಡು ಏಜೆನ್ಸಿ ನೋಡಿದ ಮೇಲೆ

ಮೈಸೂರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಲು ಮನೆಗೆ ಜನ ಕಳಿಸುವ ಏಜೆನ್ಸಿಗಳಿಗೆ ಬರವಿಲ್ಲ. ಆಸ್ಪತ್ರೆ ಎದುರಿನ ಮೆಡಿಕಲ್ ಶಾಪಿನ ಗಾಜು, ಆಟೋ ಹಿಂಭಾಗ, ಕರೆಂಟ್ ಕಂಬ, ಎಲ್ಲಿ ನೋಡಿದರೂ ಒಂದು ಚೀಟಿ, ಒಂದು ನಂಬರ್. ಫೋನ್ ಮಾಡಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಎಲ್ಲಾ ಮಾಡ್ತಾರೆ ಸರ್, ನೀವೇನೂ ಯೋಚ್ನೆ ಮಾಡ್ಬೇಡಿ.’ ಎರಡು ಕಡೆಯ ಸೇವೆ ಪಡೆದ ಮೇಲೆ ನನ್ನ ಅಭಿಪ್ರಾಯ ಇಷ್ಟು: ‘ಎಲ್ಲಾ ಮಾಡ್ತಾರೆ’ ಅಂದರೆ ಫೋನ್ ಇಟ್ಟುಬಿಡಿ. ‘ಇದನ್ನ ನಮ್ಮವರು ಮಾಡಲ್ಲ, ಇದಕ್ಕೆ ನರ್ಸ್ ಬೇಕು’ ಅನ್ನುವವರು ಸಿಕ್ಕರೆ ಮಾತು ಮುಂದುವರಿಸಿ. ಎರಡರ ಹೆಸರನ್ನೂ ಬರೆಯುತ್ತಿಲ್ಲ. ಈ ಕೆಲಸದಲ್ಲಿ ಇವತ್ತು ಆ ಏಜೆನ್ಸಿಯಲ್ಲಿದ್ದವರು ನಾಳೆ ಇನ್ನೊಂದರಲ್ಲಿರುತ್ತಾರೆ. ಬೋರ್ಡು ನೋಡಿ ಆರಿಸಿ ಪ್ರಯೋಜನವಿಲ್ಲ, ಏನು ಕೇಳಬೇಕು ಅಂತ ಗೊತ್ತಿದ್ದರೆ ಪ್ರಯೋಜನ.

ನಮ್ಮ ಅಮ್ಮನಿಗೆ ಎಂಬತ್ತು ದಾಟಿದೆ. ಸಕ್ಕರೆ ಕಾಯಿಲೆ ಹಳೆಯದು, ದಿನಕ್ಕೆ ಎರಡು ಸಲ ಇನ್ಸುಲಿನ್. ಬಚ್ಚಲಲ್ಲಿ ಜಾರಿ ಎಡ ಸೊಂಟದ ಮೂಳೆ ಮುರಿಯಿತು, ತೊಡೆಮೂಳೆಯ ತಲೆಯನ್ನು ಬದಲಿಸುವ ಆಪರೇಷನ್ ಆಯಿತು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಹೇಳಿ ಕಳಿಸಿದ ಕಟ್ಟಳೆಗಳು ಇವು: ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಬಾರದು, ಮಲಗಿದಾಗ ಎರಡು ಕಾಲಿನ ನಡುವೆ ದಿಂಬು ಇರಬೇಕು. ಇವು ತಪ್ಪಿದರೆ ಹಾಕಿದ ಕೀಲು ಜಾರಬಹುದು. ಜೀವಮಾನವಿಡೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಹೆಂಗಸಿಗೆ ಈ ಕಟ್ಟಳೆಗಳನ್ನು ಪಾಲಿಸುವುದು ಸುಲಭವಲ್ಲ. ಅದಕ್ಕೇ ಬಲ್ಲವರು ಪಕ್ಕದಲ್ಲಿರಬೇಕು.

ಮೊದಲ ಏಜೆನ್ಸಿಯ ಕಚೇರಿಗೆ ನಾನೇ ಹೋಗಿದ್ದೆ. ಮೇಜು, ಎರಡು ಮೊಬೈಲು, ಗೋಡೆಯ ಮೇಲೆ ಗಣಪತಿ, ಪಕ್ಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿಯ ನೋಂದಣಿ ಪತ್ರ. ಬಟ್ಟೆ ಅಂಗಡಿಗೂ ಬೇಕರಿಗೂ ಕೊಡುವ ಅದೇ ಪತ್ರ. ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ಸರ್ವೀಸು ಮುಗಿಸಿದವನು ನಾನು, ಸಣ್ಣ ಅಕ್ಷರ ಓದದೆ ಸಹಿ ಹಾಕುವ ಅಭ್ಯಾಸವಿಲ್ಲ. ಕರಾರು ಎರಡೇ ಪುಟ. ಅದರಲ್ಲಿ ಮುಕ್ಕಾಲು ಪಾಲು ನಾವು ಏನು ಮಾಡಬಾರದು ಅನ್ನುವುದೇ: ಅಟೆಂಡರನ್ನು ನೇರವಾಗಿ ಕೆಲಸಕ್ಕೆ ಇಟ್ಟುಕೊಂಡರೆ ದಂಡ, ಮುಂಗಡ ವಾಪಸಿಲ್ಲ, ಕಳವಾದರೆ ಏಜೆನ್ಸಿ ಹೊಣೆಯಲ್ಲ, ‘ರೋಗಿಯ ಸ್ಥಿತಿಯಲ್ಲಿ ಆಗುವ ಯಾವುದೇ ಬದಲಾವಣೆಗೆ’ ಏಜೆನ್ಸಿ ಹೊಣೆಯಲ್ಲ. ಬರುವ ಹೆಂಗಸು ಏನು ಮಾಡುತ್ತಾಳೆ, ಅದನ್ನು ಯಾರು ಬಂದು ನೋಡುತ್ತಾರೆ ಎಂಬುದಕ್ಕೆ ಒಂದು ಸಾಲೂ ಇಲ್ಲ. ಕೇಳಿದೆ. ‘ಅದೆಲ್ಲ ಫೋನಲ್ಲೇ ನೋಡ್ಕೋತೀವಿ ಸರ್’ ಅಂದರು. ಆಸ್ಪತ್ರೆಯವರು ಮಾರನೇ ದಿನವೇ ಹಾಸಿಗೆ ಖಾಲಿ ಮಾಡಿ ಅಂದಿದ್ದರು. ಇವರು ಸಂಜೆಯೊಳಗೆ ಜನ ಕಳಿಸುತ್ತೇವೆ ಅಂದರು.

ಬಂದವರು ಒಳ್ಳೆಯ ಹೆಂಗಸು, ಇದನ್ನು ಮೊದಲೇ ಹೇಳಬೇಕು. ಅಮ್ಮನ ಜೊತೆ ಪ್ರೀತಿಯಿಂದ ಮಾತಾಡುತ್ತಿದ್ದರು, ತಲೆ ಬಾಚಿ ಹೂ ಮುಡಿಸುತ್ತಿದ್ದರು. ಏಜೆನ್ಸಿಯವರು ಅವರನ್ನು ಸಿಸ್ಟರ್ ಎಂದೇ ಪರಿಚಯಿಸಿದರು, ‘ನರ್ಸಿಂಗ್ ಟ್ರೈನಿಂಗ್ ಆಗಿದೆ’ ಅಂದರು. ನರ್ಸ್ ಆಗಬೇಕಾದರೆ ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಬಿಎಸ್‌ಸಿ ನಾಲ್ಕು ವರ್ಷ ಓದಿರಬೇಕು, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರಬೇಕು. ಸಂಖ್ಯೆ ಕೇಳಿದ್ದಕ್ಕೆ ವಾಟ್ಸಾಪಿನಲ್ಲಿ ಬಂದದ್ದು ಆಧಾರ್ ಕಾರ್ಡಿನ ಫೋಟೋ. ಪೊಲೀಸ್ ವೆರಿಫಿಕೇಷನ್ ಕೇಳಿದರೆ ‘ಅಪ್ಲೈ ಮಾಡಿದೀವಿ’. ಸೇವಾ ಸಿಂಧು ಪೋರ್ಟಲಿನಲ್ಲೇ ಹಾಕಬಹುದಾದ ಅರ್ಜಿ ಅದು. ಆ ಹೆಂಗಸನ್ನೇ ಕೂರಿಸಿ ಕೇಳಿದೆ. ಮುಂಚೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದರಂತೆ, ಅಕ್ಕನ ಜೊತೆ ಹೋಗಿ ನೋಡಿ ನೋಡಿ ಕಲಿತದ್ದಂತೆ. ಸುಳ್ಳು ಹೇಳಿದ್ದು ಅವರಲ್ಲ, ಅವರನ್ನು ಕಳಿಸಿದವರು.

ಅಮ್ಮನನ್ನು ಹಾಸಿಗೆಯಲ್ಲಿ ಮೇಲಕ್ಕೆ ಸರಿಸಬೇಕಾದಾಗ ಕಂಕುಳಿಗೆ ಕೈ ಹಾಕಿ ಹಿಟ್ಟಿನ ಮೂಟೆ ಎಳೆದ ಹಾಗೆ ಎಳೆಯುತ್ತಿದ್ದರು. ವಯಸ್ಸಾದವರ ಚರ್ಮ ಹಾಳಾಗುವುದೇ ಇಲ್ಲಿ: ಮೈ ಮೇಲಕ್ಕೆ ಹೋಗುತ್ತದೆ, ಚರ್ಮ ಬೆಡ್‌ಶೀಟಿಗೆ ಅಂಟಿಕೊಂಡು ಹಿಂದೆ ಉಳಿಯುತ್ತದೆ, ಒಳಗಿನ ಸಣ್ಣ ರಕ್ತನಾಳಗಳು ಜಗ್ಗುತ್ತವೆ. ಸೊಂಟದ ಕೆಳಗೆ ಅಡ್ಡಶೀಟು ಹಾಸಿ ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಬೇಕು. ಒಬ್ಬರೇ ಇದ್ದರೆ ಮಗ್ಗುಲಿಗೆ ಹೊರಳಿಸಿ ಕೆಲಸ ಮಾಡಬೇಕು. ನಾವು ಬಾಡಿಗೆಗೆ ತಂದ ಏರ್ ಬೆಡ್ ಮೇಲೆ ಅವರು ರೆಕ್ಸಿನ್ ಹಾಸಿ, ಅದರ ಮೇಲೆ ಮಡಚಿದ ಜಮಖಾನ ಹಾಸಿದರು, ‘ಅಜ್ಜಿಗೆ ಮೆತ್ತಗಿರಲಿ’ ಅಂತ. ಗಾಳಿಯ ಕೊಳವೆಗಳು ಒಂದು ಬಿಟ್ಟು ಒಂದು ಉಬ್ಬಿ ಇಳಿದು ಮಾಡುವ ಕೆಲಸ ಜಮಖಾನದ ಮೇಲೆ ಮಲಗಿದವರಿಗೆ ತಲುಪುವುದೇ ಇಲ್ಲ.

ಹಿಮ್ಮಡಿ ಕೆಂಪಾಯಿತು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ ಪೌಡರ್ ಹಾಕಿದರು. ಫಿಸಿಯೋಥೆರಪಿಗೆ ಬಂದ ಹುಡುಗ ಸಾಕ್ಸ್ ತೆಗೆದು ನೋಡಿ, ಕೆಂಪಾದ ಜಾಗವನ್ನು ತಿಕ್ಕಲೇಬಾರದು ಅಂದ. ಬೆರಳಿನಿಂದ ಒತ್ತಿ ಬಿಟ್ಟು ತೋರಿಸಿದ. ಒತ್ತಿದಾಗ ಬಿಳಿಚಿಕೊಂಡು ಬಿಟ್ಟಾಗ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದು ಅರ್ಥ. ಒತ್ತಿದರೂ ಕೆಂಪು ಕೆಂಪಾಗಿಯೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ, ಚರ್ಮ ಒಡೆಯದಿದ್ದರೂ. ಅಮ್ಮನದು ಒತ್ತಿದರೂ ಬಿಳಿಚಿಕೊಳ್ಳದ ಕೆಂಪು. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಏನನ್ನೂ ತಾಗದ ಹಾಗೆ ಎತ್ತಿಟ್ಟ. ಸಕ್ಕರೆ ಕಾಯಿಲೆಯವರಲ್ಲಿ ಹಲವರ ಪಾದಕ್ಕೆ ಸ್ಪರ್ಶವೇ ಸರಿಯಾಗಿ ತಿಳಿಯುವುದಿಲ್ಲ, ನೋವಾಗುತ್ತಿದೆ ಅಂತ ಅವರಾಗಿ ಹೇಳುವ ತನಕ ಕಾಯುವಂತಿಲ್ಲ. ಬಿಸಿನೀರಿನ ಬ್ಯಾಗು ಕಾಲಿಗೆ ಕೊಡಬಾರದು ಅನ್ನುವುದೂ ಇದಕ್ಕೇ.

ಇನ್ನೊಂದು ದೃಶ್ಯ ನನ್ನ ಹೆಂಡತಿ ನೋಡಿದ್ದು. ಅಡುಗೆಮನೆಯ ನಲ್ಲಿಗೆ ಎರಡು ಗ್ಲೌಸ್ ನೇತುಹಾಕಿದ್ದವು, ತೊಳೆದು ಒಣಗಲು. ಬೆಳಿಗ್ಗೆ ಡಯಾಪರ್ ಬದಲಿಸಿದ ಗ್ಲೌಸೇ ಅದು. ಮಧ್ಯಾಹ್ನ ಅದನ್ನೇ ಮತ್ತೆ ಹಾಕಿಕೊಳ್ಳಬೇಕಂತೆ, ಏಜೆನ್ಸಿಯವರು ವಾರಕ್ಕೆ ಕೊಡುವುದೇ ಎಣಿಸಿದಷ್ಟು. ಒಂದು ಸಲದ ಗ್ಲೌಸ್ ಒಂದು ಕೆಲಸಕ್ಕೆ, ಅದು ಮುಗಿದರೆ ಕಸದ ಬುಟ್ಟಿಗೆ, ಆಮೇಲೂ ಸೋಪು ಹಾಕಿ ಕೈ ತೊಳೆಯಬೇಕು. ಗ್ಲೌಸ್ ಹಾಕಿದವರ ಕೈ ಶುದ್ಧವಾಗಿರುತ್ತದೆ, ಪಾಪ. ಅವರು ಮುಟ್ಟಿದ ಮಾತ್ರೆ, ಲೋಟ, ಬಾಗಿಲಿನ ಚಿಲಕದ ಗತಿ ಏನು?

ಅವರು ಊರಿಗೆ ಹೋದಾಗ ಬದಲಿಗೆ ಒಬ್ಬ ಗಂಡಸನ್ನು ಕಳಿಸಿದರು. ‘ಎತ್ತೋಕೆ ಶಕ್ತಿ ಬೇಕಲ್ಲ ಸರ್.’ ಅಮ್ಮ ಮುಖ ಗೋಡೆಯ ಕಡೆ ತಿರುಗಿಸಿಕೊಂಡು, ಸ್ನಾನವೂ ಬೇಡ ಏನೂ ಬೇಡ ಅಂದರು. ಅವತ್ತೇ ಲೆಕ್ಕ ಚುಕ್ತಾ ಮಾಡಿದೆ. ಮುಂಗಡ ವಾಪಸು ಬರಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ಟೋಕನ್ ನಂಬರ್ ಇಟ್ಟುಕೊಂಡಿದ್ದೇನೆ.

ಇಂಥವರಿಗೆ ಲೈಸೆನ್ಸು ಕೊಡುವವರು ಯಾರು ಅಂತ ನೀವು ಕೇಳಬಹುದು, ನಾನೂ ಹುಡುಕಿದೆ. ನರ್ಸಿಂಗ್ ಹೋಂ ಅಥವಾ ಕ್ಲಿನಿಕ್ ತೆರೆಯಬೇಕಾದರೆ ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಆಗಲೇಬೇಕು. ಮನೆಗೆ ಅಟೆಂಡರ್ ಕಳಿಸುವವರ ವಿಷಯಕ್ಕೆ ಬಂದರೆ, ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕೇಂದ್ರ ಕಾಯ್ದೆಗೆ ತಿದ್ದುಪಡಿ ತರಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಸೂದೆ ಮಂಡಿಸಿದ್ದರು. ಮನೆ ಆರೈಕೆಯ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ಅವುಗಳ ಸೇವೆಗೆ ಕನಿಷ್ಠ ಗುಣಮಟ್ಟ ನಿಗದಿ ಮಾಡಬೇಕು ಎಂದು ಅದರಲ್ಲಿತ್ತು. ಅದು ಕಾಯ್ದೆಯಾಗಲಿಲ್ಲ, ಆ ಲೋಕಸಭೆಯ ಅವಧಿಯ ಜೊತೆಗೇ ಮುಗಿದುಹೋಯಿತು. ತಂಗಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾಳೆ. ಅಲ್ಲಿ ಮನೆಗೆ ಬಂದು ಸ್ನಾನ ಮಾಡಿಸುವ ಸಂಸ್ಥೆಯೂ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸರ್ಕಾರಿ ನಿಯಂತ್ರಕರಲ್ಲಿ ನೋಂದಾಯಿಸಿಕೊಳ್ಳಬೇಕು. ಅವರು ತಪಾಸಣೆ ಮಾಡಿ ‘ಅತ್ಯುತ್ತಮ’ದಿಂದ ‘ಸಾಲದು’ ತನಕ ನಾಲ್ಕು ದರ್ಜೆ ಕೊಡುತ್ತಾರೆ, ವರದಿಯನ್ನು ಯಾರು ಬೇಕಾದರೂ ಓದಬಹುದು. ಇಲ್ಲಿ ನಮಗೆ ಸಿಗುವುದು ಗೂಗಲ್ಲಿನ ಐದು ನಕ್ಷತ್ರ. ಅದರಲ್ಲೂ ಅರ್ಧ ಒಂದೇ ವಾರದಲ್ಲಿ ಬಿದ್ದಿರುತ್ತವೆ.

ಎರಡನೇ ಏಜೆನ್ಸಿಯನ್ನು ಸೂಚಿಸಿದ್ದು ಅದೇ ಫಿಸಿಯೋ ಹುಡುಗ. ಫೋನ್ ಮಾಡಿದಾಗ ರೇಟು ಹೇಳಲಿಲ್ಲ. ‘ಮೊದಲು ನಮ್ಮ ನರ್ಸ್ ಬಂದು ಪೇಷೆಂಟ್ ನೋಡ್ಬೇಕು, ಆಮೇಲೆ ನಾವು ತಗೋತೀವೋ ಇಲ್ವೋ ಹೇಳ್ತೀವಿ’ ಅಂದರು. ತಗೋತೀವೋ ಇಲ್ವೋ ಅನ್ನುವ ಮಾತು ಕೇಳಿ ನನಗೆ ಸ್ವಲ್ಪ ಸಿಟ್ಟೇ ಬಂತು, ದುಡ್ಡು ಕೊಡುವವರು ನಾವಲ್ಲವೇ ಅಂತ.

ಬಂದದ್ದು ಮೂವತ್ತು ದಾಟಿದ ಹೆಣ್ಣುಮಗಳು, ಜಿಎನ್‌ಎಂ. ನಾನು ಕೇಳುವ ಮೊದಲೇ ನೋಂದಣಿ ಸಂಖ್ಯೆ ಬರೆದುಕೊಟ್ಟರು. ಬ್ಯಾಗಿನಿಂದ ಅಳತೆ ಟೇಪು ತೆಗೆದು ಮಂಚದ ಎತ್ತರ ಅಳೆದರು. ಅಮ್ಮನನ್ನು ಅಂಚಿಗೆ ಕೂರಿಸಿ, ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತಿದೆ, ಮಂಚ ತಗ್ಗಾಯಿತು ಅಂದರು. ಮಂಚದ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಬೇಕಾಯಿತು. ಕಮೋಡಿನ ಮೇಲೆ ಕೂರಿಸುವ ಎತ್ತರದ ಸೀಟು ತರಿಸಿದರು. ಬಚ್ಚಲ ಬಾಗಿಲಿನ ಕಾಲೊರಸು ತಾವೇ ಎತ್ತಿ ಆಚೆ ಹಾಕಿದರು. ಹಿಮ್ಮಡಿ, ಬೆನ್ನುಮೂಳೆಯ ಕೊನೆ, ಎರಡು ಸೊಂಟದ ಮೂಳೆ, ಕಿವಿಯ ಹಿಂಭಾಗ ಕೂಡ ನೋಡಿದರು. ಕೆಂಪು ಇದ್ದ ಕಡೆ ಒತ್ತಿ ನೋಡಿ, ಮನುಷ್ಯನ ಚಿತ್ರವಿದ್ದ ಒಂದು ಹಾಳೆಯಲ್ಲಿ ಗುರುತು ಹಾಕಿ, ದಿನಾಂಕ ಬರೆದು, ನನ್ನ ಸಹಿ ತೆಗೆದುಕೊಂಡರು. ‘ನಾವು ಬರೋದಕ್ಕೆ ಮುಂಚೆ ಇದು ಇತ್ತು ಅನ್ನೋದಕ್ಕೆ ಸರ್.’ ಕ್ಲೇಮು ನೋಡಿದವನಿಗೆ ಇದು ತುಂಬಾ ಇಷ್ಟವಾಯಿತು. ತನ್ನ ಹೊಣೆ ಎಲ್ಲಿಂದ ಶುರು ಅಂತ ಬರೆದಿಡುವವರು ಆ ಹೊಣೆ ಹೊರಲು ಸಿದ್ಧರಿದ್ದಾರೆ ಅಂತ ತಾನೇ ಅರ್ಥ.

ಆಮೇಲೆ ಮಾಡುವುದಿಲ್ಲ ಅನ್ನುವ ಪಟ್ಟಿ ಬಂತು. ಇಂಜೆಕ್ಷನ್ ನಮ್ಮ ಅಟೆಂಡರ್ ಮುಟ್ಟೋದಿಲ್ಲ, ಇನ್ಸುಲಿನ್ ಮನೆಯವರೇ ಹಾಕಬೇಕು, ಬೇಕಾದರೆ ಕಲಿಸಿಕೊಡ್ತೀವಿ. ಗಾಯದ ಡ್ರೆಸ್ಸಿಂಗ್ ಇಲ್ಲ. ಡಾಕ್ಟರ್ ಬರೆಯದ ಮಾತ್ರೆ, ‘ಮನೆ ಮದ್ದು’ ಯಾವುದೂ ಕೊಡೋದಿಲ್ಲ. ಸಕ್ಕರೆ ಕಾಯಿಲೆ ಇರೋದರಿಂದ ಕಾಲಿನ ಉಗುರು ಕತ್ತರಿಸೋದಿಲ್ಲ. ಮನೆ ಮಂದಿಯ ಅಡುಗೆ, ಪಾತ್ರೆ ಇಲ್ಲ, ಅಮ್ಮನ ಬಟ್ಟೆ, ಅಮ್ಮನ ಕೋಣೆ ಮಾತ್ರ. ಮತ್ತೆ, ಒಬ್ಬಳನ್ನೇ 24 ಗಂಟೆ ಇಡೋದಿಲ್ಲ. ರಾತ್ರಿ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು ಅಂದರೆ ಅವಳು ಎದ್ದಿರಬೇಕು, ರಾತ್ರಿಯೆಲ್ಲ ಎದ್ದವಳು ಬೆಳಿಗ್ಗೆ ಅಮ್ಮನನ್ನು ನಡೆಸಿದರೆ ಇಬ್ಬರೂ ಬೀಳುತ್ತಾರೆ. ಹಗಲಿಗೊಬ್ಬರು, ಮೊದಲ ಕೆಲವು ವಾರ ರಾತ್ರಿಗೊಬ್ಬರು, ಚರ್ಮ ಸರಿಹೋದ ಮೇಲೆ ರಾತ್ರಿಯದು ಬಿಡಬಹುದು. ಮೊದಲನೆಯವರು ಇದೇ 24 ಗಂಟೆಯನ್ನು ಒಬ್ಬರ ಸಂಬಳಕ್ಕೆ ಮಾರಿದ್ದರು.

ಇನ್ಸುಲಿನ್ ನನ್ನ ಹೆಂಡತಿಗೆ ಕಲಿಸಿದರು. ಅಮ್ಮನದು ಎರಡು ಬಗೆಯ ಇನ್ಸುಲಿನ್ ಬೆರೆಸಿದ, ಬಿಳಿ ಬಣ್ಣದ ಪ್ರೀಮಿಕ್ಸ್; ಪೆನ್ನನ್ನು ಅಂಗೈಗಳ ನಡುವೆ ಹೊರಳಿಸಿ, ಮೇಲೆ ಕೆಳಗೆ ತಿರುವಿ, ಒಂದೇ ಸಮ ಬಿಳಿಯಾದ ಮೇಲೆ ಹಾಕಬೇಕು, ಇಲ್ಲದಿದ್ದರೆ ಇವತ್ತು ಒಂದು ಪ್ರಮಾಣ ನಾಳೆ ಇನ್ನೊಂದು. ಹೊಟ್ಟೆಯ ಮೇಲೆ ಜಾಗ ಬದಲಿಸುತ್ತ ಹೋಗಬೇಕು. ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೇ ಹಾಕಬೇಕು, ಕಸ ಆಯುವವರ ಕೈಗೆ ಚುಚ್ಚಬಾರದು. ಅಟೆಂಡರಿಗೆ ಬೇರೆಯೇ ಪಾಠ: ಅಜ್ಜಿ ಬೆವರಿದರೆ, ನಡುಗಿದರೆ, ಸುಮ್ಮನೆ ರೇಗಿದರೆ ಗ್ಲುಕೋಮೀಟರ್ ಹಿಡಿ, 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸು, ಕಾಲು ಗಂಟೆ ಬಿಟ್ಟು ಮತ್ತೆ ನೋಡು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, 108ಕ್ಕೆ ಫೋನ್ ಮಾಡು. ನಮ್ಮಮ್ಮ ಸಕ್ಕರೆ ಇಳಿಯದೆಯೂ ಸುಮ್ಮನೆ ರೇಗುತ್ತಾರೆ, ಅದು ಬೇರೆ ವಿಷಯ.

ಹಗಲು ಬರುವವರು ತಿ. ನರಸೀಪುರದ ಕಡೆಯವರು, ಬಸ್ಸಿನಲ್ಲಿ ಓಡಾಡುತ್ತಾರೆ. ರೋಗಿಯ ದಿನನಿತ್ಯದ ಆರೈಕೆ ಕಲಿಸುವ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸು ಮಾಡಿದ ಸರ್ಟಿಫಿಕೇಟ್ ತೋರಿಸಿದರು. ಅವರು ಸ್ನಾನ ಮಾಡಿಸುವುದನ್ನು ನನ್ನ ಹೆಂಡತಿ ಬಾಯ್ತುಂಬ ಹೊಗಳುತ್ತಾಳೆ. ಮೊದಲು ಎಲ್ಲ ಸಾಮಾನು ಕೈಗೆಟಕುವ ಹಾಗೆ ಜೋಡಿಸಿಕೊಳ್ಳುತ್ತಾರೆ, ಮಧ್ಯದಲ್ಲಿ ‘ಟವಲ್ ತರ್ತೀನಿ’ ಅಂತ ಬಿಟ್ಟು ಹೋಗುವ ಮಾತಿಲ್ಲ. ತಣ್ಣೀರು ಮೊದಲು, ಬಿಸಿನೀರು ಆಮೇಲೆ, ಮೊಣಕೈ ಅದ್ದಿ ನೋಡುತ್ತಾರೆ. ಕುರ್ಚಿಯ ಮೇಲೆ ಕೂರಿಸಿ, ಮೈ ಮೇಲೊಂದು ಟವಲ್ ಹೊದಿಸಿ, ಒಂದು ಕೈ ತೊಳೆದು ಒರೆಸಿ ಮುಚ್ಚಿ, ಆಮೇಲೆ ಇನ್ನೊಂದು ಕೈ. ‘ಅಜ್ಜಿ, ಈಗ ಬೆನ್ನು ಮುಟ್ತೀನಿ’ ಅಂತ ಹೇಳಿಯೇ ಮುಟ್ಟುತ್ತಾರೆ. ಬೆರಳುಗಳ ಸಂದಿ, ಎದೆಯ ಕೆಳಗಿನ ಮಡಿಕೆ ತಿಕ್ಕದೆ ಒತ್ತಿ ಒಣಗಿಸುತ್ತಾರೆ. ಕೆಳಗೆ ಒರೆಸುವಾಗ ಮುಂದಿನಿಂದ ಹಿಂದಕ್ಕೆ ಮಾತ್ರ, ಮೂತ್ರದ ಸೋಂಕು ಬರಬಾರದು ಅಂತ. ಬಟ್ಟೆ ಬಿಚ್ಚಲು ಸೊಸೆಯನ್ನೂ ಹತ್ತಿರ ಬಿಡದ ಅಮ್ಮ ಈಗ ಬೆಳಿಗ್ಗೆ ಒಂಬತ್ತಾಗುತ್ತಲೇ ‘ಬಂದ್ಲಾ ಅವ್ಳು?’ ಅನ್ನುತ್ತಾರೆ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಒಂದು ನೂರು ಪುಟದ ನೋಟ್‌ಬುಕ್ಕು. ತಿಂದದ್ದು, ಕುಡಿದದ್ದು, ಮೂತ್ರ, ಮಲ, ಸಕ್ಕರೆ, ಬಿಪಿ, ಯಾವ ಮಗ್ಗುಲಲ್ಲಿ ಎಷ್ಟು ಹೊತ್ತಿಗೆ ಮಲಗಿಸಿದ್ದು, ಎಷ್ಟು ಹೆಜ್ಜೆ ನಡೆಸಿದ್ದು. ಪಾಳಿ ಬದಲಾಗುವಾಗ ಇಬ್ಬರೂ ನಿಂತು ಓದಿ ಸಹಿ ಹಾಕಬೇಕು. ರಾತ್ರಿಯವರು ಒಮ್ಮೆ ‘ಮೂತ್ರ ಕಡಿಮೆ, ಬಣ್ಣ ಗಾಢ’ ಅಂತ ಬರೆದದ್ದನ್ನು ಹಗಲಿನವರು ನೋಡಿ ನನಗೆ ತೋರಿಸಿದರು. ಡಾಕ್ಟರಿಗೆ ಫೋನ್ ಮಾಡಿ ಪರೀಕ್ಷೆ ಮಾಡಿಸಿದಾಗ ಸೋಂಕು ಶುರುವಾಗಿತ್ತು. ಮಾತ್ರೆಯಲ್ಲೇ ಹೋಯಿತು. ಹಿಮ್ಮಡಿಯ ಕೆಂಪು ಇಳಿದದ್ದೂ ಅದೇ ಪುಸ್ತಕದಲ್ಲಿದೆ.

ಎಲ್ಲ ಚಿನ್ನ ಅಂತೇನಲ್ಲ. ದರ ಮೊದಲನೆಯವರಿಗಿಂತ ಬಹಳ ಹೆಚ್ಚು, ಪಿಂಚಣಿಯಲ್ಲಿ ಬದುಕುವವರಿಗೆ ಎರಡು ಪಾಳಿ ತಿಂಗಳುಗಟ್ಟಲೆ ಆಗುವ ಮಾತಲ್ಲ. ಗೌರಿ ಹಬ್ಬದ ವಾರ ಬದಲಿ ಜನ ಇಲ್ಲ ಅಂದುಬಿಟ್ಟರು. ಹಬ್ಬ ಬರುವುದು ಪಂಚಾಂಗದಲ್ಲಿ ವರ್ಷದ ಮೊದಲೇ ಇರುತ್ತದೆ, ಏಜೆನ್ಸಿಗೆ ಮಾತ್ರ ಹಿಂದಿನ ಸಂಜೆ ಗೊತ್ತಾಗುತ್ತದೆ. ಕೊನೆಗೆ ಕಳಿಸಿದ ಹುಡುಗಿ ಪುಸ್ತಕ ತೆರೆದೂ ನೋಡದೆ ಅಮ್ಮನನ್ನು ತಗ್ಗಿನ ಸೋಫಾದಲ್ಲಿ ಕೂರಿಸಿದ್ದಳು. ನರ್ಸ್ ಭೇಟಿ ಮೊದಮೊದಲು ವಾರಕ್ಕೊಮ್ಮೆ ಇತ್ತು, ಆಮೇಲೆ ಫೋನಿಗೆ ಇಳಿಯಿತು. ಹಿಮ್ಮಡಿಯನ್ನು ಫೋನಿನಲ್ಲಿ ಒತ್ತಿ ನೋಡಲಾಗುತ್ತದೆಯೇ?

ಹಗಲಿನವರನ್ನು ಸಂಬಳ ಕೇಳಿದೆ. ನಾನು ಕಟ್ಟುವುದರಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ಅವರ ಕೈಗೆ. ಬಸ್ಸು ತಪ್ಪಿ ತಡವಾದರೆ ಅರ್ಧ ದಿನ ಕಡಿತ. ಬೆನ್ನು ಹಿಡಿದುಕೊಂಡು ಎರಡು ದಿನ ಬರದಿದ್ದಾಗ ಆ ಎರಡು ದಿನದ ದುಡ್ಡೂ ಇಲ್ಲ, ಬೆನ್ನು ಹಿಡಿದದ್ದು ನಮ್ಮ ಮನೆಯಲ್ಲಿ ಅಮ್ಮನನ್ನು ಎತ್ತುವಾಗಲೇ ಆದರೂ. ಸುರಕ್ಷತೆ ಅಂತ ನಾವು ಮಾತಾಡುವಾಗ ಮಲಗಿದವರದ್ದನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಫಿಸಿಯೋ ಹುಡುಗನ ಮಾತು ಕೇಳಿ ಸೊಂಟಕ್ಕೆ ಕಟ್ಟುವ ಹಿಡಿಕೆಯ ಬೆಲ್ಟು ತಂದೆ. ಅಮ್ಮನಿಗೆ ಕಟ್ಟಿ ಅದನ್ನು ಹಿಡಿದು ಏಳಿಸುವುದು. ತೋಳು ಹಿಡಿದು ಎಳೆಯಬೇಕಿಲ್ಲ, ಬೆನ್ನು ಬಗ್ಗಿಸಬೇಕಿಲ್ಲ. ಇದನ್ನು ಏಜೆನ್ಸಿಯೇ ಕೊಡಬೇಕಿತ್ತು. ಮಧ್ಯಾಹ್ನದ ಊಟ ನಮ್ಮಲ್ಲೇ, ಊಟದ ಮೇಲೆ ಅರ್ಧ ಗಂಟೆ ಅವರನ್ನು ಯಾರೂ ಕರೆಯುವಂತಿಲ್ಲ, ಅಮ್ಮನೂ.

ಕ್ಯಾಮೆರಾ ಹಾಕಿಸು ಅಂತ ತಂಗಿ ಅಲ್ಲಿಂದ ಒತ್ತಾಯ ಮಾಡುತ್ತಲೇ ಇದ್ದಳು. ಏಜೆನ್ಸಿಯವರ ಷರತ್ತು ಎರಡು: ಅಟೆಂಡರಿಗೆ ಹೇಳಿಯೇ ಹಾಕಬೇಕು, ಮೈ ಒರೆಸುವ, ಬಟ್ಟೆ ಬದಲಿಸುವ ಜಾಗಕ್ಕೆ ಅದು ತಿರುಗಿರಬಾರದು. ಕೊನೆಗೆ ಹಜಾರಕ್ಕೆ ಮಾತ್ರ ಹಾಕಿಸಿದೆವು. ತಂಗಿಗೆ ಈಗ ಕಾಣುವುದು ಅಮ್ಮ ವಾಕರ್ ಹಿಡಿದು ಟಿವಿ ತನಕ ಬರುವುದು, ಮತ್ತೆ ನಾನು ಸೋಫಾದಲ್ಲಿ ನಿದ್ದೆ ಮಾಡುವುದು.

ಅಮ್ಮನಂಥವರಿಗೆ ಮನೆಯಲ್ಲಿ ತೊಂದರೆಯಾಗುತ್ತಿದೆ ಅನಿಸಿದರೆ, ಅಟೆಂಡರಿಂದಲೋ ಮನೆಯವರಿಂದಲೋ, ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಈ ನಂಬರನ್ನು ಫ್ರಿಜ್ ಮೇಲೆ ಅಂಟಿಸಿ ಅಂತ ಎರಡನೇ ಏಜೆನ್ಸಿಯ ನರ್ಸೇ ಹೇಳಿದ್ದು. ತಮ್ಮ ಮೇಲೇ ದೂರು ಕೊಡಲು ನಂಬರ್ ಕೊಟ್ಟವರನ್ನು ನಾನು ಬೇರೆ ಕಡೆ ನೋಡಿಲ್ಲ.

ಅಂಕ ಕೊಡಬೇಕೆಂದರೆ ಮೊದಲನೆಯವರಿಗೆ ಐದಕ್ಕೆ ಒಂದು, ಆ ಒಂದೂ ಹೂ ಮುಡಿಸಿದ ಹೆಂಗಸಿಗೆ. ಎರಡನೆಯವರಿಗೆ ಮೂರೂವರೆ. ಮುಂದಿನ ತಿಂಗಳಿಂದ ದರ ಏರಿಸುತ್ತಾರಂತೆ. ನರ್ಸ್ ಹದಿನೈದು ದಿನಕ್ಕೊಮ್ಮೆ ಖುದ್ದು ಬರುವುದು, ಹಬ್ಬದ ಬದಲಿ ಜನ, ಅಟೆಂಡರಿಗೆ ವಾರದ ರಜೆ ಸಂಬಳ ಸಮೇತ, ಈ ಮೂರನ್ನು ಕರಾರಿನಲ್ಲಿ ಬರೆದುಕೊಟ್ಟರೆ ಏರಿದ ದರಕ್ಕೇ ಸಹಿ ಹಾಕುತ್ತೇನೆ ಅಂತ ಮೇಲ್ ಕಳಿಸಿದ್ದೇನೆ. ಮೊದಲೆರಡಕ್ಕೆ ಒಪ್ಪಿದ್ದಾರೆ, ಮೂರನೆಯದಕ್ಕೆ ‘ಮ್ಯಾನೇಜ್‌ಮೆಂಟ್ ಹತ್ತಿರ ಮಾತಾಡ್ತೀವಿ’ ಅಂದಿದ್ದಾರೆ.